100 ಮೀಟರ್‌ನಲ್ಲಿ ಆಗ್ತಿಲ್ಲ, ಕುಳ್ಳಿ ಬೇರೆ, ಹರ್ಡಲ್ಸ್‌ಗೆ ಹೋದ್ರೆ ಜ್ಯೋತಿ ಯರ್ರಾಜಿ ಥರ ಆಗ್ಬಹುದಾ?

ನೋಡಮ್ಮಾ, ನಾನೂ ಪಿಯುಸಿಲಿ 100 ಮೀಟರ್‌ನಲ್ಲಿ ಡಿಸ್ಟ್ರಿಕ್ಟ್ ದಾಟಕ್ಕಾಗದೆ ಹರ್ಡಲ್ಸ್‌ಗೆ, ಅಂದ್ರೆ ಅಡ್ಡಪಟ್ಟಿ ದಾಟ್ಕೊಂಡು ಓಡೋ ಓಟಕ್ಕೆ, ಬಂದವಳೇ. ಕಾಂಪಿಟಿಷನ್ ಕಮ್ಮಿ ಇರುತ್ತೆ, ಸುಲಭವಾಗಿ ಮೆಡಲ್ ಸಿಗುತ್ತೆ ಅನ್ಕೊಂಡಿದ್ದೆ.

2020ರ ಜನವರೀಲಿ ಮೂಡುಬಿದಿರೆಯಲ್ಲಿ ಆಲ್ ಇಂಡಿಯಾ ಇಂಟರ್ ಯೂನಿವರ್ಸಿಟಿ ಮೀಟ್ ಆಯ್ತಲ್ಲ, ಅಲ್ಲಿ ಹೀಟ್ಸ್‌ನಲ್ಲೇ (ಮೊದಲ ಸುತ್ತು) ಔಟಾಗಿ ಮೇಲೆ ಕೂತು ನೋಡ್ತಿದ್ದೆ, ಜ್ಯೋತಿ 100 ಮೀಟರ್ ಹರ್ಡಲ್ಸ್ 13.03 ಸೆಕೆಂಡಲ್ಲಿ ಓಡಿದ್ಲು. ಆವಾಗ ನ್ಯಾಷನಲ್ ರೆಕಾರ್ಡ್ 13.38, ಅನುರಾಧಾ ಬಿಸ್ವಾಲ್ 2002ರಲ್ಲಿ ಮಾಡಿದ್ದು. ಆದ್ರೆ ಡೋಪ್ ಟೆಸ್ಟ್ ಆಗಿಲ್ಲ, ಅಥ್ಲೆಟಿಕ್ಸ್ ಫೆಡರೇಷನ್ನಿನ ಟೆಕ್ನಿಕಲ್ ಡೆಲಿಗೇಟ್ ಇರ್ಲಿಲ್ಲ ಅಂತ ಅದನ್ನ ರೆಕಾರ್ಡ್‌ಗೆ ತಗೊಳ್ಳಲೇ ಇಲ್ಲ. 2022ರಲ್ಲಿ ಕೋಝಿಕ್ಕೋಡ್‌ನಲ್ಲಿ 13.09 ಓಡಿದ್ರೆ ಹಿಂದಿನಿಂದ ಗಾಳಿ ಸೆಕೆಂಡಿಗೆ 2.1 ಮೀಟರ್, ರೆಕಾರ್ಡ್‌ಗೆ ಲಿಮಿಟ್ 2.0, ಅದೂ ಹೋಯ್ತು! ಕೊನೆಗೆ ಅದೇ ವರ್ಷ ಮೇನಲ್ಲಿ ಸೈಪ್ರಸ್‌ನಲ್ಲಿ 13.23, ಎರಡಕ್ಕಿಂತ ನಿಧಾನ, ಅದು ರೆಕಾರ್ಡ್ ಆಯ್ತು. ನಾನಾಗಿದ್ರೆ ಕೋಝಿಕ್ಕೋಡ್‌ನಲ್ಲೇ ಸ್ಪೈಕ್ಸ್ ಬಿಸಾಕ್ತಿದ್ದೆ. ಅವಳು 2023ರಲ್ಲಿ ಚೆಂಗ್ಡುನಲ್ಲಿ 12.78ಕ್ಕೆ ಇಳಿಸಿದ್ಲು, ಏಷ್ಯನ್ ಚಾಂಪಿಯನ್‌ಶಿಪ್ ಗೋಲ್ಡ್ 2023ರಲ್ಲಿ ಬ್ಯಾಂಕಾಕ್‌ನಲ್ಲೂ 2025ರಲ್ಲಿ ಗುಮಿಯಲ್ಲೂ ಹೊಡೆದ್ಲು. ಅವಳಪ್ಪ ವಿಶಾಖಪಟ್ಟಣದಲ್ಲಿ ಸೆಕ್ಯೂರಿಟಿ ಗಾರ್ಡ್, ನೆನಪಿರ್ಲಿ.

ಮೂಡುಬಿದಿರೆಯಲ್ಲಿ ಆವತ್ತು ಟೈಮಿಗಿಂತ ಜಾಸ್ತಿ ನಾನು ನೋಡಿದ್ದು ಅವಳ ತಲೆ. ಹತ್ತು ಹರ್ಡಲ್ ದಾಟಿದ್ರೂ ತಲೆ ಒಂದೇ ಲೆವೆಲ್‌ನಲ್ಲಿ ಹೋಗ್ತಿತ್ತು. ನಂದು ವಿಡಿಯೋದಲ್ಲಿ ನೋಡಿದ್ರೆ ಕುಪ್ಪಳಿಸೋ ಕಪ್ಪೆ.

ನನ್ನ ತಪ್ಪು ಅದೇ, ಹಾರ್ತಿದ್ದೆ. ಕಾರಣ ಹೇಳ್ಬೇಕು, ಯಾಕಂದ್ರೆ ನೀನೂ ಇದನ್ನೇ ಮಾಡ್ತೀಯ. ನಮ್ಮ ಸ್ಕೂಲಲ್ಲಿ ವೆಲ್ಡಿಂಗ್ ಶಾಪಲ್ಲಿ ಮಾಡಿಸಿದ ಕಬ್ಬಿಣದ ಹರ್ಡಲ್ ಇದ್ವು, ಅದನ್ನೂ ಉಲ್ಟಾ ಇಡ್ತಿದ್ರು. ಸರಿಯಾಗಿ ಇಟ್ರೆ ಹರ್ಡಲ್ ಕಾಲು ನೀನು ಓಡಿ ಬರೋ ಕಡೆಗೆ ಇರ್ಬೇಕು, ಆಗ ತಾಗಿದ್ರೆ ಮುಂದಕ್ಕೆ ಬೀಳುತ್ತೆ. ಉಲ್ಟಾ ಇಟ್ರೆ ಬೀಳಲ್ಲ, ನೀನೇ ಬೀಳ್ತೀಯ. ಒಂದ್ಸಲ ಮೊಣಕಾಲು ಕಿತ್ಕೊಂಡ ಮೇಲೆ ನಂಗೆ ತಾಗಬಾರದು ಅನ್ನೋದೇ ತಲೇಲಿ ಕೂತುಬಿಡ್ತು, ತಾಗಿದ್ರೆ ಫೌಲ್ ಅಂತಾನೂ ನಂಬಿದ್ದೆ (ಬರೀ ತಾಗಿದ್ರೆ ಫೌಲ್ ಅಲ್ಲ). ಅದಕ್ಕೆ ಹರ್ಡಲ್ ತೀರಾ ಹತ್ರ ಬಂದು ಮೇಲಕ್ಕೆ ನೆಗೀತಿದ್ದೆ. ಸುಮಾರು ಎರಡು ಮೀಟರ್ ದೂರದಿಂದ್ಲೇ ಕಾಲು ಎತ್ತಬೇಕು, ಆಚೆ ಕಡೆ ಸುಮಾರು ಒಂದು ಮೀಟರ್‌ನಲ್ಲಿ ಇಳೀಬೇಕು. ಹತ್ರದಿಂದ ನೆಗೆದ್ರೆ ಗಾಳೀಲೇ ಟೈಮ್ ಹೋಗುತ್ತೆ, ಇಳಿಯುವಾಗ ಮಂಡಿ ಕುಸಿಯುತ್ತೆ, ಸ್ಪೀಡ್ ಸತ್ತೋಗುತ್ತೆ, ಮುಂದಿನ ಹರ್ಡಲ್‌ಗೆ 8.5 ಮೀಟರ್, ಅದನ್ನ ಮೂರು ಹೆಜ್ಜೇಲಿ ಮುಗಿಸಕ್ಕಾಗಲ್ಲ, ನಾಲ್ಕನೇದು ಹಾಕಿದ್ರೆ ಅಭ್ಯಾಸ ಇಲ್ದಿರೋ ಕಾಲು ಮುಂದೆ ಬರುತ್ತೆ, ಅಲ್ಲಿಂದ ರೇಸ್ ಮುಗೀತು. ಈ ಚಾಳಿ ಡಿಗ್ರಿ ಮುಗಿಯೋವರೆಗೂ ಬಿಡ್ಲಿಲ್ಲ, ಹೊಸ ಕೋಚ್ ಹೇಳಿದ್ರೂ ಹತ್ತನೇ ಹರ್ಡಲ್ ಹೊತ್ತಿಗೆ ಸುಸ್ತಾದಾಗ ಮತ್ತೆ ಅದೇ ಬರೋದು.

ಕುಳ್ಳಿ ಅನ್ನೋ ಮಾತು ಬಿಡು. 12.12 ವರ್ಲ್ಡ್ ರೆಕಾರ್ಡ್ ಇರೋ ನೈಜೀರಿಯಾದ ಟೋಬಿ ಅಮುಸಾನ್ ಐದಡಿ ಎರಡಿಂಚಿನ ಹತ್ರ. ಆದ್ರೆ 'ಸ್ಪ್ರಿಂಟ್ ಆಗ್ಲಿಲ್ಲ ಅದಕ್ಕೆ' ಅನ್ನೋ ಪ್ರಶ್ನೇನೇ ತಪ್ಪು ಕಣೆ. ಹರ್ಡಲ್ ಮಧ್ಯೆ ನೀನು ಮಾಡೋದು ಸ್ಪ್ರಿಂಟೇ, ಫ್ಲಾಟ್ ಸ್ಪೀಡ್ (ಹರ್ಡಲ್ ಇಲ್ದೆ ಓಡೋ ವೇಗ) ಇಲ್ದೆ ಇದ್ರೆ ಇಲ್ಲೂ ಅಷ್ಟೇ. ಜ್ಯೋತಿ ಅಷ್ಟೆಲ್ಲಾ ಮಾಡಿ 2024ರಲ್ಲಿ ಪ್ಯಾರಿಸ್‌ಗೆ ಹೋಗಿ, ಒಲಿಂಪಿಕ್ಸ್‌ನಲ್ಲಿ ಈ ಇವೆಂಟ್ ಓಡಿದ ಮೊದಲ ಭಾರತೀಯಳಾಗಿ, ಹೀಟ್‌ನಲ್ಲಿ 13.16 ಓಡಿ, ಸೆಮಿಫೈನಲ್‌ಗೆ ಹೋಗಕ್ಕಾಗ್ಲಿಲ್ಲ.

ಕೋಚ್ ಹೇಳಿದ್ರೆ ಹೋಗು, ನಾನು ಬೇಡ ಅನ್ನಲ್ಲ. 100 ಮೀಟರ್ ಮಾತ್ರ ಬಿಡ್ಬೇಡ, ಸೀಸನ್ನಲ್ಲಿ ಎರಡೂ ಓಡು. ನಾಳೆ ಗ್ರೌಂಡ್‌ಗೆ ಹೋದಾಗ ಹರ್ಡಲ್ ಕಾಲು ಯಾವ ಕಡೆ ಇದೆ ನೋಡು, ಉಲ್ಟಾ ಇದ್ರೆ ನೀನೇ ತಿರುಗಿಸಿಡು, ಯಾರನ್ನೂ ಕೇಳ್ಬೇಡ.