ಶೀಶಾ ‘ಎಲ್ಲರೂ’ ಸೇದುತ್ತಾರೆ ಅಂದರೆ ಯಾರು, ಎಷ್ಟು ಸಲ?

ಸಹೋದ್ಯೋಗಿಗಳು ಶೀಶಾ (ಅಂದರೆ ಹುಕ್ಕಾ) ಕೆಫೆಗೆ ಕರೆಯುತ್ತಾರೆ, ಹೊರದೇಶದಲ್ಲಿ ಎಲ್ಲರೂ ಸೇದುತ್ತಾರಂತೆ, ಸಿಗರೇಟಿನಷ್ಟು ಕೆಟ್ಟದ್ದಲ್ಲವಂತೆ, ನಿಜವೇ ಎಂದು ಕೇಳಿದ್ದೀರಿ. ಎರಡೂ ನಿಜವಲ್ಲ.

ಮೊದಲು ‘ಎಲ್ಲರೂ’ ಎಂಬ ಮಾತು. ಲೆಬನಾನ್‌ನಲ್ಲಿ 13ರಿಂದ 15ರ ವಯಸ್ಸಿನ ಶಾಲಾಮಕ್ಕಳ ಸಮೀಕ್ಷೆಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರು ಹುಕ್ಕಾ ಸೇದುವವರೆಂದು ಕಂಡುಬಂದಿದೆ. ಮಗಳ ಕೈಯಲ್ಲಿ ಸಿಗರೇಟ್ ಕಂಡರೆ ಸಿಡಿದೇಳುವ ಎಷ್ಟೋ ಮನೆಗಳು ಅಲ್ಲಿ ಇದಕ್ಕೆ ತಕರಾರು ಮಾಡುವುದಿಲ್ಲ. ಹಾಗಾಗಿ ಹುಡುಗ–ಹುಡುಗಿಯರ ನಡುವಿನ ಅಂತರವೂ ಕಡಿಮೆ. ವಿಯೆಟ್ನಾಮಿನ ಚಿತ್ರ ಇದಕ್ಕೆ ಪೂರ್ತಿ ಬೇರೆ: ಅಲ್ಲಿ ಬಿದಿರಿನ ಕೊಳವೆಯಲ್ಲಿ ಸುವಾಸನೆಯಿಲ್ಲದ ಕಡು ತಂಬಾಕು. 2010ರ ಸಮೀಕ್ಷೆಯಲ್ಲಿ ವಯಸ್ಕ ಗಂಡಸರಲ್ಲಿ ಸುಮಾರು 13% ಮಂದಿ ಸೇದುತ್ತಿದ್ದರು, ಹೆಂಗಸರಲ್ಲಿ ಹೆಚ್ಚುಕಡಿಮೆ ಯಾರೂ ಇಲ್ಲ. ಹರಿಯಾಣದ ಹಳ್ಳಿಗಳಲ್ಲಿ ಹುಕ್ಕಾ ಹಿರಿಯರ ರೂಢಿ. ಅಮೆರಿಕದಲ್ಲಿ ಕಾಲೇಜು ವಯಸ್ಸಿನವರದು. 2009ರ ಕಾನೂನು ಅಲ್ಲಿ ಹಣ್ಣಿನ ರುಚಿಯ ಸಿಗರೇಟನ್ನು ನಿಷೇಧಿಸಿತು, ಹುಕ್ಕಾ ತಂಬಾಕನ್ನು ಮುಟ್ಟಲಿಲ್ಲ.

ಈಗಿನ ಹರಡುವಿಕೆಗೆ ದೊಡ್ಡ ಕಾರಣ 1990ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಸಿದ್ಧ ಮುಅಸ್ಸಲ್: ಕಾಕಂಬಿ ಅಥವಾ ಜೇನು, ಗ್ಲಿಸರಿನ್, ಹಣ್ಣಿನ ಸುವಾಸನೆ ಬೆರೆಸಿದ ತಂಬಾಕು. ಹೊಗೆ ಗಂಟಲಿಗೆ ಒರಟಾಗದು, ಮೊದಲ ದಿನವೇ ಕೆಮ್ಮು ಬಾರದು.

ಅಂಕಿ ಓದುವಾಗ ಸಮೀಕ್ಷೆ ಯಾವ ಪ್ರಶ್ನೆ ಕೇಳಿದೆ ನೋಡಿ. ‘ಎಂದಾದರೂ ಸೇದಿದ್ದೀರಾ’, ‘ಕಳೆದ 30 ದಿನಗಳಲ್ಲಿ’, ‘ಪ್ರತಿದಿನ’ ಈ ಮೂರಕ್ಕೆ ಒಂದೇ ಊರಿನಲ್ಲಿ ಮೂರು ಉತ್ತರ ಸಿಗುತ್ತವೆ. ಹುಕ್ಕಾದವರು ಹೆಚ್ಚಾಗಿ ವಾರಕ್ಕೋ ತಿಂಗಳಿಗೋ ಒಮ್ಮೆ ಸೇದುವವರು. ದಿನನಿತ್ಯದ ಲೆಕ್ಕದಲ್ಲಿ ಅವರು ಕಾಣುವುದೇ ಇಲ್ಲ, ತಮ್ಮನ್ನು ಧೂಮಪಾನಿಗಳೆಂದು ಅವರು ಹೇಳಿಕೊಳ್ಳುವುದೂ ಕಡಿಮೆ.

ಅಪರೂಪಕ್ಕೆ ಅಂದಮಾತ್ರಕ್ಕೆ ಹಗುರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2005ರ ಟಿಪ್ಪಣಿಯ ಪ್ರಕಾರ ಸಿಗರೇಟ್ ಸೇದುವವರು 5–7 ನಿಮಿಷದಲ್ಲಿ 8–12 ದಮ್ಮು ಎಳೆದು ಅರ್ಧ ಲೀಟರಿನಷ್ಟು ಹೊಗೆ ಒಳಗೆ ತೆಗೆದುಕೊಳ್ಳುತ್ತಾರೆ. ಹುಕ್ಕಾದ ಒಂದು ಕೂಟ 20–80 ನಿಮಿಷ, 50–200 ದಮ್ಮು, ಒಂದೊಂದೂ 0.15ರಿಂದ 1 ಲೀಟರ್. ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ, ಶುದ್ಧ ಮಾಡುವುದಿಲ್ಲ. ತಣ್ಣಗಾದದ್ದರಿಂದಲೇ ಇನ್ನೂ ಆಳಕ್ಕೆ ಎಳೆಯುತ್ತಾರೆ. ತಂಬಾಕಿನ ಬಟ್ಟಲಿನ ಮೇಲಿನ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬಿಡುತ್ತದೆ, ಆದ್ದರಿಂದ ‘ತಂಬಾಕಿಲ್ಲದ ಗಿಡಮೂಲಿಕೆಯದು’ ಎಂದರೂ ಆ ಅಪಾಯ ಹಾಗೇ ಇರುತ್ತದೆ.

ಸ್ನೇಹಿತರ ಜೊತೆ ಕೂರಲೇಬೇಕಾದರೆ ಹೊರಾಂಗಣದ ಮೇಜು ಹಿಡಿಯಿರಿ. ಮುಚ್ಚಿದ ಕೋಣೆಯಲ್ಲಿ ಆ ಹೊಗೆ ಸೇದದವರಿಗೂ ವಿಷವೇ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ತಕ್ಷಣ ಹೊರಗಿನ ಗಾಳಿಗೆ ಬನ್ನಿ. ಯಾರಾದರೂ ಎಚ್ಚರ ತಪ್ಪಿದರೆ ಆಂಬುಲೆನ್ಸ್ ಕರೆದು, ಇದ್ದಿಲ ಹೊಗೆ ಕುಡಿದಿದ್ದಾರೆಂದು ಹೇಳಿ, ಆಮ್ಲಜನಕ ಬೇಕಾಗುತ್ತದೆ. ಬಾಯಿಗೆ ಹೊಸ ಪ್ಲಾಸ್ಟಿಕ್ ತುದಿ ಕೊಟ್ಟರೂ ಕೊಳವೆ ಹಲವರು ಸೇದಿದ ಹಳೆಯದೇ. ಗರ್ಭಿಣಿಯರನ್ನು, ಮಕ್ಕಳನ್ನು ಆ ಕಡೆ ಕರೆದೊಯ್ಯಲೇಬೇಡಿ.

ಇನ್ನೆರಡು ವಿಷಯ ಹೊಸಬರಿಗೆ ಯಾರೂ ಹೇಳುವುದಿಲ್ಲ. ಜೀವವಿಮೆಯ ಅರ್ಜಿಯಲ್ಲಿ ತಂಬಾಕಿನ ಪ್ರಶ್ನೆಗೆ ತಂಬಾಕಿನ ಶೀಶಾವೂ ಸೇರುತ್ತದೆ, ಕೋಟಿನಿನ್ (ನಿಕೋಟಿನ್ ಮೈಯಲ್ಲಿ ಒಡೆದಾಗ ಉಳಿಯುವ ಅಂಶ) ಪರೀಕ್ಷೆ ಅದನ್ನು ಹಿಡಿಯುತ್ತದೆ. ದೇಶ ಬದಲಾದರೆ ಕಾನೂನೂ ಬದಲು: ಸಿಂಗಪುರದಲ್ಲಿ 2016ರ ಆಗಸ್ಟ್‌ನಿಂದ ಶೀಶಾ ತಂಬಾಕು ಪೂರ್ತಿ ನಿಷಿದ್ಧ, ಸೂಟ್‌ಕೇಸಿನಲ್ಲಿ ಒಂದು ಪೊಟ್ಟಣ ತಂದರೂ ಅಪರಾಧ.