ಪುಟ್ ಆಫ್: ಮುಂದಕ್ಕೆ ಹಾಕೋದಾ, ಮನಸ್ಸು ಕೆಡಿಸೋದಾ?

ಪ್ರಶ್ನೆ: ಸರ್, ಆಫೀಸಲ್ಲಿ 'ದ ಮೀಟಿಂಗ್ ಹ್ಯಾಸ್ ಬೀನ್ ಪುಟ್ ಆಫ್' ಅಂತ ಮೇಲ್ ಬಂತು. ಒಬ್ರು ಕ್ಯಾನ್ಸಲ್ ಆಗಿದೆ ಅಂದ್ರು, ಇನ್ನೊಬ್ರು ಇಲ್ಲ ಮುಂದಕ್ಕೆ ಹೋಗಿದೆ ಅಂತಾರೆ. ಯಾವ್ದೋ ಕಥೇಲಿ ನೋಡಿದ್ರೆ 'ಹಿಸ್ ವಾಯ್ಸ್ ಪುಟ್ ಮಿ ಆಫ್' ಅಂತಿದೆ, ದನಿ ಹೇಗ್ ಸರ್ ಮನುಷ್ಯರನ್ನ ಮುಂದಕ್ಕೆ ಹಾಕುತ್ತೆ?

ಉತ್ತರ: ಮೀಟಿಂಗ್ ಮುಂದಕ್ಕೆ ಹೋಗಿದೆ ಅಷ್ಟೇ, ಪೂರ್ತಿ ರದ್ದಾಗಿದ್ರೆ 'ಕಾಲ್ಡ್ ಆಫ್' ಅಂತ ಬರೀತಿದ್ರು. ಪೋಸ್ಟ್‌ಪೋನ್ ಅನ್ನೋದೂ ಅದೇ ಅರ್ಥ, ಆದ್ರೆ ಅದು ಸ್ವಲ್ಪ ನೋಟಿಸ್ ಬೋರ್ಡ್ ಭಾಷೆ, ಮಾತಲ್ಲಿ ಪುಟ್ ಆಫೇ ಜಾಸ್ತಿ, ಅದ್ರಲ್ಲೂ ಇಷ್ಟ ಇಲ್ದೇ ಇರೋ ಕೆಲ್ಸನ ನಾಳೆ ನಾಡಿದ್ದು ಅಂತ ತಳ್ತಾ ಹೋಗ್ತೀವಲ್ಲ ಅದಕ್ಕಂತೂ ಇದೇ ಸರಿ: 'ಐ ಕೀಪ್ ಪುಟಿಂಗ್ ಆಫ್ ಗೋಯಿಂಗ್ ಟು ದ ಡೆಂಟಿಸ್ಟ್'. ಇಲ್ಲಿ 'ಗೋಯಿಂಗ್' ಅಂತಾನೇ ಬರ್ಬೇಕು, 'ಪುಟಿಂಗ್ ಆಫ್ ಟು ಗೋ' ಅಂದ್ರೆ ತಪ್ಪು. ಹಾಗೇ 'ಪುಟ್ ಆಫ್ ದ ಮೀಟಿಂಗ್', 'ಪುಟ್ ದ ಮೀಟಿಂಗ್ ಆಫ್' ಎರಡೂ ನಡೆಯುತ್ತೆ, ಆದ್ರೆ 'ಇಟ್' ಬಂದ್ರೆ ಮಧ್ಯದಲ್ಲೇ ಕೂರ್ಬೇಕು, 'ಪುಟ್ ಇಟ್ ಆಫ್'.

ಇನ್ನು ಆ ಕಥೆ ವಿಷ್ಯ. ಏನನ್ನ ಪುಟ್ ಆಫ್ ಮಾಡ್ತಿದಾರೆ ಅಂತ ಮೊದ್ಲು ನೋಡಿ. ಕೆಲ್ಸ ಆಗಿದ್ರೆ ಮುಂದೂಡೋದು. ಮನುಷ್ಯರಾಗಿದ್ರೆ ಸಾಮಾನ್ಯವಾಗಿ ಮನಸ್ಸು ಕೆಡೋದು, ಆಸಕ್ತಿ ಹೋಗೋದು, 'ದ ಸ್ಮೆಲ್ ಪುಟ್ ಮಿ ಆಫ್ ಮೈ ಫುಡ್' ಅಂದ್ರೆ ಆ ವಾಸನೆಗೆ ಊಟನೇ ಸೇರ್ಲಿಲ್ಲ ಅಂತ. ಇದ್ರಿಂದ ಬಂದಿದ್ದೇ 'ಆಫ್-ಪುಟಿಂಗ್' ಅನ್ನೋ ವಿಶೇಷಣ. ಬ್ರಿಟಿಷ್ ಇಂಗ್ಲಿಷಲ್ಲಿ ಗಮನ ತಪ್ಸೋದಕ್ಕೂ ಇದನ್ನೇ ಹೇಳ್ತಾರೆ, 'ಡೋಂಟ್ ಲಾಫ್, ಯು ಆರ್ ಪುಟಿಂಗ್ ಮಿ ಆಫ್', ಹಾಗಾಗಿ ಆ ದನಿ ಹಿಡಿಸ್ಲಿಲ್ವೋ ಇಲ್ಲ ಕೇಳ್ತಿದ್ದೋರ ಗಮನ ಕೆಡಿಸ್ತೋ ಅಂತ ಹಿಂದಿನ ಸಾಲು ನೋಡಿನೇ ಹೇಳ್ಬೇಕು. ಸಾಲ ಕೊಟ್ಟೋರಿಗೆ ಏನೇನೋ ಸಬೂಬು ಹೇಳಿ ಸಾಗಹಾಕೋದೂ ಪುಟ್ ಆಫೇ ಮತ್ತೆ!

ಕೇಳದಿದ್ರೂ ಒಂದ್ ಮಾತು ಸೇರಿಸ್ತೀನಿ. ಬಟ್ಟೆ ಹಾಕೋದು ಪುಟ್ ಆನ್, ಹಂಗಾಗಿ ಬಿಚ್ಚೋದು ಪುಟ್ ಆಫ್ ಅಂತ ತುಂಬಾ ಜನ ಲೆಕ್ಕ ಹಾಕ್ತಾರೆ. ಒಂದ್ ಕಾಲಕ್ಕೆ ಅದು ಸರಿನೇ ಇತ್ತು, 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಮೋಶೆಗೆ ಚಪ್ಪಲಿ ಬಿಚ್ಚು ಅಂತ ಹೇಳೋ ಕಡೆ ಪುಟ್ ಆಫೇ ಇದೆ. ಈಗಿನ ಇಂಗ್ಲಿಷಲ್ಲಿ ಬಟ್ಟೆ, ಚಪ್ಪಲಿ, ಕನ್ನಡಕ ಎಲ್ಲಕ್ಕೂ ಟೇಕ್ ಆಫ್ ಅನ್ನಿ.