ತೊಡೆಮೂಳೆ ಅಳೆದರೆ ಗಂಡೋ ಹೆಣ್ಣೋ ಗೊತ್ತಾಗುತ್ತಾ?

ಬದಿಯಡ್ಕ ಕಡೆ ಬಾವಿ ತೋಡುವಾಗ ಹಳೇ ಮೂಳೆ ಸಿಕ್ಕಿದೆ, ಅಳತೆ ನೋಡಿ ಹೇಳಬಹುದಾ ಎಂದು ಕೇಳಿದ್ದೀರಿ. ಮೊದಲು ಪೊಲೀಸರಿಗೆ ತಿಳಿಸಿ, ಮೂಳೆಯನ್ನು ಮುಟ್ಟಬೇಡಿ.

ಹೇಳಬಹುದು, ಆದರೆ ಯಾವ ಮೂಳೆ ಅನ್ನೋದು ಮುಖ್ಯ. ತೊಡೆಮೂಳೆಯ ಮೇಲ್ತುದಿಯಲ್ಲಿ ಚೆಂಡಿನ ಹಾಗೆ ಒಂದು ಗುಂಡು ಇರುತ್ತದಲ್ವಾ, ಅದರ ಅಗಲವನ್ನು ಕ್ಯಾಲಿಪರ್‌ನಲ್ಲಿ ಹಿಡಿದು ನೋಡುತ್ತಾರೆ. ಅಮೆರಿಕದ ಹಳೆಯ ಲೆಕ್ಕದಲ್ಲಿ 47.5 ಮಿ.ಮೀ.ಗಿಂತ ಜಾಸ್ತಿ ಇದ್ದರೆ ಗಂಡು, 42.5ಕ್ಕಿಂತ ಕಡಿಮೆ ಇದ್ದರೆ ಹೆಣ್ಣು, ನಡುವೆ ಬಿದ್ದರೆ ಖಚಿತವಾಗಿ ಹೇಳೋಕಾಗಲ್ಲ. ಈ ಅಂಕಿಯನ್ನು ನಮ್ಮವರಿಗೆ ಸುಮ್ನೆ ಹಾಕಿಬಿಡಬೇಡಿ. ನಮ್ಮ ಮೈಕಟ್ಟು ಸಣ್ಣದು, ಎಷ್ಟೋ ಗಂಡಸರು ಹೆಂಗಸರ ಲೆಕ್ಕಕ್ಕೆ ಸೇರಿಬಿಡುತ್ತಾರೆ. ಇಲ್ಲಿಯ ಜನರನ್ನೇ ಅಳೆದು ಮಾಡಿದ ಪಟ್ಟಿ ಬೇಕು.

ಎಲ್ಲಕ್ಕಿಂತ ನಂಬಿಕೆಯದ್ದು ಸೊಂಟದ ಮೂಳೆ, ಯಾಕೆಂದರೆ ಹೆರಿಗೆಗೆ ತಕ್ಕ ಹಾಗೆ ಹೆಣ್ಣಿನದ್ದು ಅಗಲವಾಗಿರುತ್ತದೆ. ಅದರ ಹಿಂಬದಿಯಲ್ಲೊಂದು ಕಚ್ಚು ಇದೆ. ಹೆಬ್ಬೆರಳಿಟ್ಟರೆ ಗಂಡಿನದ್ದರಲ್ಲಿ ಬಿಗಿಯಾಗಿ ಕೂರುತ್ತದೆ, ಹೆಣ್ಣಿನದ್ದರಲ್ಲಿ ಸಾಮಾನ್ಯವಾಗಿ ಆಚೀಚೆ ಅಲ್ಲಾಡಿಸಲು ಜಾಗ ಇರುತ್ತದೆ. ನಮ್ಮ ಊರಿನ ಮುರಕಲ್ಲಿನ ಮಣ್ಣು ಹುಳಿ, ಮೂಳೆಯನ್ನು ತಿಂದುಹಾಕುತ್ತದೆ, ಸೊಂಟದ ತೆಳು ಭಾಗ ಮೊದಲೇ ಹೋಗಿರುತ್ತದೆ. ಆಗ ಉಳಿದ ಮೂಳೆಗಳ ಅಳತೆಯೇ ಗತಿ.

ಮಕ್ಕಳ ಮೂಳೆಯಾದರೆ ಅಳತೆ ನಂಬಬೇಡಿ, ಈ ವ್ಯತ್ಯಾಸ ಚೆನ್ನಾಗಿ ಕಾಣೋದು ಪ್ರಾಯಕ್ಕೆ ಬಂದ ಮೇಲೆ. ಅಂಥದಕ್ಕೆ ಡಿಎನ್‌ಎ ಪರೀಕ್ಷೆಯೇ ಸರಿ.